ಹಂಪಿಯಲ್ಲಿ ಚೌಕಟ್ಟಿನ ಅಭ್ಯಾಸ

ಈ ಸಲದ ರಜೆಯಲ್ಲಿ ಹಂಪಿಯಲ್ಲಿ ಕಳೆದ 3 ದಿನಗಳನ್ನು ಛಾಯಾಚಿತ್ರ ಸಂಯೋಜನೆಯ ಮೂಲ ನಿಯಮಗಳ ಅಭ್ಯಾಸಕ್ಕೆಂದೇ ಮೀಸಲಿಟ್ಟಿದ್ದೆ. ಕ್ಯಾಮೆರಾದ ಪರದೆಯಲ್ಲಿ ಗ್ರಿಡ್ ಗೆರೆಗಳನ್ನು ಹಾಕಿಕೊಂಡರೆ ಚೌಕಟ್ಟು 9 ಭಾಗಗಳಾಗುತ್ತದೆ. ಮುಖ್ಯ ವಸ್ತುವನ್ನು ನಟ್ಟನಡುವೆ ಇಡದೆ, ಆ ಗೆರೆಗಳು ಕೂಡುವ 4 ಬಿಂದುಗಳಲ್ಲೊಂದರ ಬಳಿ ಇರಿಸಬೇಕೆಂಬುದು ಮೂರನೇ ಒಂದರ ನಿಯಮ. ತುಂಗಭದ್ರೆಯಲ್ಲಿ ಹರಿಗೋಲೊಂದು ಬಲದಿಂದ ಎಡಕ್ಕೆ ಸಾಗುತ್ತಿದ್ದಾಗ, ಅದನ್ನು ಬಲಗಡೆಯ ಕೆಳಬಿಂದುವಿನಲ್ಲಿರಿಸಿ, ಅದು ಹೋಗುವ ದಿಕ್ಕಿನ ನೀರನ್ನು ಖಾಲಿ ಬಿಟ್ಟೆ. ಮೊದಲ ಚಿತ್ರದಲ್ಲಿ ಚೌಕಟ್ಟಿನ ಅಂಚಿಗೆ ಸಿಕ್ಕಿಹಾಕಿಕೊಂಡಂತಿದ್ದ ಹರಿಗೋಲು ಈ ಚಿತ್ರದಲ್ಲಿ ನಿಜಕ್ಕೂ ತೇಲುತ್ತಿತ್ತು. ಮಾತಂಗ ಬೆಟ್ಟದ ಸೂರ್ಯೋದಯಕ್ಕೆ ದಿಗಂತವನ್ನು ಕೆಳಗೆರೆಗಿಳಿಸಿ ಆಕಾಶಕ್ಕೆ ಹೆಚ್ಚು ಜಾಗ ಕೊಟ್ಟೆ.

ಆದರೆ ವಿರೂಪಾಕ್ಷ ದೇವಾಲಯದ ಪೂರ್ವದ ಮಹಾಗೋಪುರಕ್ಕೆ ಈ ನಿಯಮ ಒಗ್ಗಲಿಲ್ಲ. ರಥಬೀದಿಯ ನಡುವೆ ದೂರದಲ್ಲಿ ನಿಂತು, ಎರಡೂ ಬದಿಯ ಕಲ್ಲುಮಂಟಪಗಳ ಸಾಲು ಕಣ್ಣನ್ನು ಗೋಪುರದತ್ತ ಕರೆದೊಯ್ಯುವಂತೆ, ಎಡಬಲಗಳನ್ನು ಸಮವಾಗಿರಿಸಿ ತೆಗೆದ ಚಿತ್ರವೇ ನನಗೆ ಸರಿಯೆನಿಸಿತು. ಹತ್ತಿರ ಹೋಗಿ ಕ್ಯಾಮೆರಾವನ್ನು ಮೇಲಕ್ಕೆತ್ತಿದರೆ ಗೋಪುರ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಅಷ್ಟು ಗಂಭೀರವಾದ ಕಟ್ಟಡಕ್ಕೆ ಆ ವಾಲು ಒಪ್ಪುವುದಿಲ್ಲ.

ಅದೇ ದೇವಾಲಯದ ಒಳಗಿನ ಕತ್ತಲ ಮಂಟಪವೊಂದರಲ್ಲಿ, ಸಣ್ಣ ಕಿಂಡಿಯಿಂದ ನುಸುಳುವ ಬೆಳಕು ಗೋಪುರದ ತಲೆಕೆಳಗಾದ ಬಿಂಬವನ್ನು ಎದುರಿನ ಗೋಡೆಯ ಮೇಲೆ ಮೂಡಿಸುತ್ತದೆ. ಕ್ಯಾಮೆರಾ ಕೆಲಸ ಮಾಡುವ ತತ್ವವೇ ಅಲ್ಲಿ ಕಲ್ಲಿನ ನಡುವೆ ಕಣ್ಣಿಗೆ ಬೀಳುತ್ತದೆ. ಆ ಮಸುಕಾದ ಬಿಂಬದ ಮುಂದೆ ನಾನು ಬಹಳ ಹೊತ್ತು ಕ್ಯಾಮೆರಾ ಎತ್ತದೆ ನಿಂತಿದ್ದೆ.