ಬೀರೂ ಮರ್ವಾಯಿಯೂ

ಮಂಗಳವಾರ ಮಲ್ಪೆ ಕಡೆಯ ಒಂದು ಹೈಸ್ಕೂಲಿನಲ್ಲಿ ಮಾತಾಡಿ ಬಂದವನು ಇವತ್ತು ಶನಿವಾರವಾದರೂ ಅದೇ ಗುಂಗಿನಲ್ಲಿದ್ದೇನೆ. ಮಾತು ಮುಗಿದ ಮೇಲೆ ಹೆಡ್ಮಾಷ್ಟ್ರು ಚಾ ಕೊಡುತ್ತಾ, "ಎಲ್ಲ ಚಂದ ಆಯ್ತು ಸರ್, ಆ ಒಂದು ಶಬ್ದ ಮಾತ್ರ ಬೇಡಿತ್ತು" ಅಂದರು. ಯಾವ ಶಬ್ದ ಮಾರಾಯ್ರೆ? ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು: "ಬೀರು."

ಪಳೆಯುಳಿಕೆ ಬಗ್ಗೆ ಮಾತಾಡಿ ಅಂತ ಕರೆದವರು ಅವರೇ. ನಾನು ಬೋರ್ಡಿನ ಮೇಲೆ ದೊಡ್ಡದಾಗಿ ‘ಲಾಗರ್‌ಶ್ಟೆಟ್ಟೆ’ ಅಂತ ಬರೆದೆ. ಹಿಂದಿನ ಬೆಂಚಿನಿಂದ "ಯಾವ ಶೆಟ್ರು ಸರ್?" ಅಂತ ಬಂತು. ಕ್ಲಾಸಿಡೀ ನಗು. ಉಡುಪಿಯಲ್ಲಿ ಈ ಪ್ರಶ್ನೆ ಬರದಿದ್ದರೇ ಆಶ್ಚರ್ಯ. ಜರ್ಮನ್ ಶಬ್ದ, ಲಾಗರ್ ಅಂದರೆ ಹಾಸಿಗೆ, ಬಿಡಾರ, ಉಗ್ರಾಣ ಎಲ್ಲವೂ ಹೌದು, ಶ್ಟೆಟ್ಟೆ ಅಂದರೆ ಜಾಗ ಅಂತ ಬಿಡಿಸಿ ಹೇಳಿದೆ. ತಣ್ಣಗಿನ ಉಗ್ರಾಣದಲ್ಲಿ ವಾರಗಟ್ಟಲೆ ಇಟ್ಟು ಹದ ಮಾಡುವ ಬೀರಿಗೂ ಅದಕ್ಕೇ ಲಾಗರ್ ಅಂತ ಹೆಸರು. ಅಷ್ಟೇ ನಾನು ಮಾಡಿದ ಅಪರಾಧ. ಹೆಡ್ಮಾಷ್ಟ್ರು ಒಳ್ಳೆಯವರು, ಶಾಲೆಯ ಶೌಚಾಲಯ ಫಳಫಳ ಅನ್ನುತ್ತಿತ್ತು. ಆದರೆ ಮೀನು ಲಾರಿಗಳು ಓಡಾಡುವ ರಸ್ತೆಯ ಬದಿಯ ಮಕ್ಕಳಿಗೆ ಬೀರು ಅನ್ನುವ ಶಬ್ದ ನನ್ನ ಬಾಯಿಂದಲೇ ಮೊದಲು ಕಿವಿಗೆ ಬಿತ್ತು ಅಂತ ನಂಬಿದ್ದಾರಲ್ಲ, ಅದಕ್ಕೇನು ಹೇಳುವುದು!

ಹಾಗೆ ನೋಡಿದರೆ ಲಾಗರ್‌ಶ್ಟೆಟ್ಟೆ ಗಣಿಯವರ ಶಬ್ದ. ಜರ್ಮನಿಯ ಗಣಿಗಳಲ್ಲಿ ಅದಿರು ಬಿದ್ದುಕೊಂಡಿರುವ ಜಾಗಕ್ಕೆ ಹಾಗನ್ನುತ್ತಾರೆ. ನಮ್ಮ ‘ನಿಕ್ಷೇಪ’ದ ಹಾಗೆ. ಹಳೆಯ ಶಾಸನಗಳಲ್ಲಿ ಜಮೀನು ಬಿಟ್ಟುಕೊಡುವಾಗ "ನಿಧಿ ನಿಕ್ಷೇಪ ಜಲ ಪಾಷಾಣ" ಅಂತ ಅಷ್ಟಭೋಗಗಳನ್ನು ಎಣಿಸುತ್ತಿದ್ದರಲ್ಲ, ಅದೇ ನಿಕ್ಷೇಪ ಈಗ ಕಬ್ಬಿಣದ ಅದಿರಿಗೂ ಸಲ್ಲುತ್ತದೆ. ಗಣಿಯ ಆ ಶಬ್ದವನ್ನು ಅಡಾಲ್ಫ್ ಸೈಲಾಕರ್ ಅನ್ನುವ ಜರ್ಮನ್ ವಿಜ್ಞಾನಿ 1970ರಲ್ಲಿ ಪಳೆಯುಳಿಕೆಗೆ ಅಂಟಿಸಿದರು.

ಕಥೆ ಹೇಳುವಾಗ ನನಗೆ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಾಗುವುದಿಲ್ಲ. ಬವೇರಿಯಾದ ಜೋಲ್ನ್‌ಹೋಫನ್ನಿಗೆ ಹೋದೆ. ಸುಮಾರು 15 ಕೋಟಿ ವರ್ಷ ಹಳೆಯ ಸುಣ್ಣಕಲ್ಲು, ಹಾಳೆ ಹಾಳೆಯಾಗಿ ಏಳುತ್ತದೆ, ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವ ಕಲ್ಲಚ್ಚಿಗೆ ಅದಕ್ಕಿಂತ ಒಳ್ಳೆಯ ಕಲ್ಲಿಲ್ಲ. ಅಚ್ಚಿಗೆ ಅಂತ ಕಲ್ಲು ಒಡೆಯುವಾಗಲೇ 1861ರಲ್ಲಿ ಒಂದು ಗರಿಯ ಗುರುತು ಸಿಕ್ಕಿತು. ಅದೇ ಆದಿಹಕ್ಕಿ ಆರ್ಕಿಯಾಪ್ಟೆರಿಕ್ಸ್. ಅದರ ಹೆಸರಿನ ಬಾಲದಲ್ಲಿ ‘ಲಿಥೋಗ್ರಾಫಿಕಾ’ ಅಂತ ಕಲ್ಲಚ್ಚೇ ಕೂತಿದೆ. ನಮ್ಮ ‘ಮಂಗಳೂರ ಸಮಾಚಾರ’, 1843ರಲ್ಲಿ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಹೊರಡಿಸಿದ ಕನ್ನಡದ ಮೊದಲ ಪತ್ರಿಕೆ, ಅದೂ ಕಲ್ಲಚ್ಚಿನದೇ ಅಂದಾಗ ಮಾತ್ರ ಮೇಷ್ಟ್ರುಗಳು ತಲೆ ಎತ್ತಿದರು. ಆಮೇಲೆ ಕೆನಡಾದ ಬರ್ಜೆಸ್ ಶೇಲ್. ಸುಮಾರು 50 ಕೋಟಿ ವರ್ಷದ ಹಿಂದೆ ಕೆಸರು ಒಮ್ಮೆಲೇ ಬಂದು ಮುಚ್ಚಿತು, ಒಳಗೆ ಆಮ್ಲಜನಕ ಇಲ್ಲ, ಎಲುಬೇ ಇಲ್ಲದ ಮೆತ್ತನೆಯ ಪ್ರಾಣಿಗಳೂ ಅಚ್ಚೊತ್ತಿದ ಹಾಗೆ ಉಳಿದವು. ಇಂಥ ಜಾಗಕ್ಕೇ ಲಾಗರ್‌ಶ್ಟೆಟ್ಟೆ ಅನ್ನುವುದು ಅಂತ ಗತ್ತಿನಲ್ಲಿ ಮುಗಿಸಿದೆ.

ಆಗ ಕಿಟಕಿ ಪಕ್ಕದ ಒಂದು ಹುಡುಗಿ ಎದ್ದು ನಿಂತಳು. "ಸರ್, ಅಳಿವೆ ಹತ್ರ ಇಳಿತ ಆದಾಗ ಮರ್ವಾಯಿ ಚಿಪ್ಪೆಲ್ಲ ಒಂದೇ ಕಡೆ ಗುಡ್ಡೆ ಬಿದ್ದಿರ್ತದೆ. ಮಣ್ಣನ್ನೆಲ್ಲ ನೀರೇ ತೊಳ್ಕೊಂಡು ಹೋಗ್ತದೆ. ಅದೂ ಹಾಗೇಯಾ?"

ಮರ್ವಾಯಿ ಅಂದರೆ ನಾವು ತಿನ್ನುವ ಕಪ್ಪೆಚಿಪ್ಪಿನ ಜೀವಿ. ನಾನು ಅಂದೆ: "ಅಲ್ಲ ಮಗಾ, ಅದು ಬರೀ ಚಿಪ್ಪು. ಇದು ಬಹಳ ಅಪರೂಪದ್ದು."

ಅವಳು ಕೂತಳು. ಮತ್ತೆ ಕೈ ಎತ್ತಲಿಲ್ಲ. ಮುಂದಿನ ಹುಡುಗ ನಮ್ಮೂರಲ್ಲಿ ಯಾಕೆ ಪಳೆಯುಳಿಕೆ ಸಿಗುವುದಿಲ್ಲ ಅಂತ ಕೇಳಿದ. ಸೈಂಟ್ ಮೇರೀಸ್ ದ್ವೀಪದ ಕಂಬಗಲ್ಲು ಲಾವಾ ಆರಿ ಆದದ್ದು, ಮುರಕಲ್ಲು ಮಳೆಗೆ ಬಂಡೆಯೇ ಕೊಳೆತು ಆದದ್ದು, ಅವುಗಳಲ್ಲಿ ಹುಡುಕಿ ಫಲವಿಲ್ಲ ಅಂದೆ. ಗಂಟೆ ಹೊಡೆಯಿತು.

ಬಸ್ಸಿನಲ್ಲಿ ಬರುವಾಗ ಬೀರಿನ ಸಿಟ್ಟೇ ತಲೆಯಲ್ಲಿತ್ತು. ಮನೆಯಲ್ಲಿ ಹೇಳಿದರೆ ಹೆಂಡತಿ, "ಮಲ್ಪೆವರೆಗೆ ಹೋದವರು ಒಂದು ಸೇರು ಮರ್ವಾಯಿ ತಂದಿದ್ದರೆ ಸುಕ್ಕ ಆದರೂ ಆಗ್ತಿತ್ತು" ಅಂದಳು. ಮರ್ವಾಯಿ ಅಂದದ್ದೇ ಆ ಹುಡುಗಿ ಕಣ್ಣಮುಂದೆ ಬಂದಳು. ಊಟದ ಮೇಲೆ ಟಿಪ್ಪಣಿ ಪುಸ್ತಕ ತೆಗೆದೆ. ನನ್ನದೇ ಕೈಬರಹ: ಜೀವಿಗಳ ಬಗ್ಗೆ ಅಸಾಮಾನ್ಯವಾಗಿ ಹೆಚ್ಚು ತಿಳಿವು ಕೊಡುವ ಕಲ್ಲಿನ ಪದರ, ಅದು ಗುಣದಲ್ಲಿ ಇರಬಹುದು, ಇಲ್ಲವೇ ಪ್ರಮಾಣದಲ್ಲಿ. ಸೈಲಾಕರ್ ಎರಡು ಬಗೆ ಮಾಡಿದ್ದರು. ಒಂದು ಕೊನ್ಸೆರ್ವಾಟ್, ಕೆಡದೆ ಉಳಿದದ್ದು, ನಾನು ಮುಕ್ಕಾಲು ಗಂಟೆ ಹಾಡಿ ಹೊಗಳಿದ್ದು. ಇನ್ನೊಂದು ಕೊನ್ಸೆನ್‌ಟ್ರಾಟ್, ಒಂದೇ ಕಡೆ ಗುಡ್ಡೆ ಬಿದ್ದದ್ದು. ಮೂಳೆಯ ಪದರ, ಚಿಪ್ಪಿನ ಪದರ. ಪ್ರವಾಹ ಮಣ್ಣನ್ನು ತೊಳೆದುಕೊಂಡು ಹೋಗಿ ಚಿಪ್ಪನ್ನು ಮಾತ್ರ ಬಿಟ್ಟರೆ ಆಗುವುದು ಅದೇ. ಅವಳ ಗುಡ್ಡೆ ಇನ್ನೂ ಕಲ್ಲಾಗಿಲ್ಲ ಅನ್ನುವುದು ಬಿಟ್ಟರೆ ಹುಡುಗಿ ಅಕ್ಷರಕ್ಕೆ ಅಕ್ಷರ ಸರಿ ಹೇಳಿದ್ದಳು.

ತಪ್ಪು ನನ್ನೊಬ್ಬನದಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಈಗ ಬರೆಯುವವರಲ್ಲಿ ಹೆಚ್ಚಿನವರು ಲಾಗರ್‌ಶ್ಟೆಟ್ಟೆ ಅಂದರೆ ಗರಿ, ಕರುಳು, ಕಣ್ಣು ಉಳಿದ ಜಾಗ ಅಂತಲೇ ಬಳಸುತ್ತಾರೆ. ಚಿಪ್ಪಿನ ರಾಶಿಯ ಫೋಟೋ ಯಾರು ಹಾಕುತ್ತಾರೆ? ಆದರೆ ಎಷ್ಟು ಇದ್ದವು, ಯಾವ ಗಾತ್ರದವು, ಎಳೆಯವೆಷ್ಟು ಬಲಿತವೆಷ್ಟು ಅಂತ ಲೆಕ್ಕ ಸಿಗುವುದು ರಾಶಿಯಲ್ಲಿ. ಒಂದು ಗರಿಯಿಂದ ಅದು ಸಿಗುವುದಿಲ್ಲ. ಹಾಗಿದ್ದೂ ಶಾಲೆಯಲ್ಲಿ ನಮಗೆ ಬೇಕಾದದ್ದು ರ‍್ಯಾಂಕಿನ ಒಬ್ಬ, ಉಳಿದ ನಲವತ್ತು ಮಂದಿ ‘ಬರೀ’ ಮಕ್ಕಳು. ಮೂವತ್ತು ವರ್ಷ ಮೇಷ್ಟ್ರಾಗಿದ್ದೆ, ಎಷ್ಟು ಸಲ ಆ ‘ಬರೀ’ ಬಳಸಿದ್ದೇನೋ. ಬೇಡಿತ್ತು ಅನ್ನಬೇಕಾದ ಶಬ್ದ ಅದು, ಬೀರಲ್ಲ.

ಎರಡು ದಿನ ತಡೆದು ನಿನ್ನೆ ಹೆಡ್ಮಾಷ್ಟ್ರಿಗೆ ಫೋನ್ ಮಾಡಿದೆ. ಕಿಟಕಿ ಪಕ್ಕದ ಹುಡುಗಿಗೆ ಒಂದು ಮಾತು ಹೇಳಲಿಕ್ಕುಂಟು, ಇನ್ನೊಮ್ಮೆ ಬರಲಾ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ.

"ಬನ್ನಿ ಸರ್, ಧಾರಾಳ ಬನ್ನಿ," ಅಂದರು. "ಮೊನ್ನೆಯ ಆ ವಿಷಯ ಅಲ್ಲ ಅಲ್ವಾ?"