ಗೆಳತಿಯ ಜೊತೆ ಸಿಂಗಾಪುರದಲ್ಲಿ ಎರಡು ದಿನ

ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟರೆ ಶನಿವಾರ ಬೆಳಗ್ಗೆ ಸಿಂಗಾಪುರ. ಹಾರಾಟ ಸುಮಾರು ನಾಲ್ಕೂವರೆ ಗಂಟೆ, ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಮುಂದೆ. ನಿದ್ದೆ ಖಂಡಿತ ಕೈಕೊಡುತ್ತದೆ, ಬೆಳಗಿನ ಹೊತ್ತನ್ನು ಹಗುರವಾಗಿಡಿ.

ವೀಸಾ ಅಧಿಕೃತ ಏಜೆಂಟರ ಮೂಲಕ ಮೊದಲೇ ಆಗಿರಲಿ. ಅರೈವಲ್ ಕಾರ್ಡ್ (ದೇಶದೊಳಗೆ ಬರುವವರ ವಿವರ ಪತ್ರ) ಬೇರೆ: ಇಳಿಯುವ ದಿನವೂ ಸೇರಿ ಅದಕ್ಕೆ ಮುಂಚಿನ 3 ದಿನದೊಳಗೆ ಇಬ್ಬರ ವಿವರವನ್ನೂ ಆನ್‌ಲೈನ್‌ನಲ್ಲಿ ತುಂಬಬೇಕು. ಪೂರ್ತಿ ಉಚಿತ. ದುಡ್ಡು ಕೇಳಿದರೆ ಅದು ಸರ್ಕಾರದ ಜಾಲತಾಣವಲ್ಲ.

ಇಬ್ಬರು ಹೋದಾಗ ಎಡವುವುದು ಮೆಟ್ರೋ ಗೇಟಿನಲ್ಲೇ. ಅಲ್ಲಿ ಬ್ಯಾಂಕ್ ಕಾರ್ಡೇ ಟಿಕೆಟ್, ಆದರೆ ಒಂದೇ ಕಾರ್ಡ್ ತಟ್ಟಿ ಇಬ್ಬರೂ ಒಳಹೋಗಲಾಗದು. ತಲೆಗೊಂದು ಕಾರ್ಡ್ ಬೇಕು. ತಟ್ಟಿ ಹೊಕ್ಕ ಕಾರ್ಡನ್ನೇ ಹೊರಬರುವಾಗಲೂ ತಟ್ಟಿ. ಫೋನಿನೊಳಗಿನ ಕಾರ್ಡೂ ಅದರ ಪ್ಲಾಸ್ಟಿಕ್ ರೂಪವೂ ಯಂತ್ರಕ್ಕೆ ಬೇರೆ ಬೇರೆ. ಅದಲುಬದಲಾದರೆ ಹೆಚ್ಚು ಹಣ ಕಡಿತವಾಗುತ್ತದೆ. ವಿದೇಶಿ ಬಳಕೆಯನ್ನು ಬ್ಯಾಂಕ್ ಆ್ಯಪ್‌ನಲ್ಲಿ ಊರಲ್ಲಿದ್ದಾಗಲೇ ತೆರೆದಿಡಿ. ರೈಲಿನೊಳಗೆ ನೀರು ಕುಡಿಯುವುದಕ್ಕೂ ದಂಡವಿದೆ.

ಊಟಕ್ಕೆ ಲಿಟಲ್ ಇಂಡಿಯಾ ಬಡಾವಣೆಯ ಟೆಕ್ಕಾ ಸೆಂಟರ್ ಎಂಬ ತಿನಿಸು ಅಂಗಡಿಗಳ ಸಂಕೀರ್ಣ ಒಳ್ಳೆಯದು. ಖಾಲಿ ಮೇಜಿನ ಮೇಲೆ ಟಿಶ್ಯೂ ಪೊಟ್ಟಣವಿದ್ದರೆ ಯಾರೋ ಜಾಗ ಹಿಡಿದಿದ್ದಾರೆ ಎಂದರ್ಥ. ಒಬ್ಬರು ಕೂತು, ಇನ್ನೊಬ್ಬರು ತರುವುದೇ ಸುಲಭ. ತಿಂದ ತಟ್ಟೆಯನ್ನು ನೀವೇ ಹಿಂದಿರುಗಿಸಬೇಕು, ಅದು ಕಾನೂನು. ಸಸ್ಯಾಹಾರಿಗಳು ಬೇರೆ ಅಂಗಡಿಗಳಲ್ಲಿ ತರಕಾರಿ ನೂಡಲ್ಸ್‌ಗೂ ಒಣ ಸೀಗಡಿ ಹಾಕಿದೆಯೇ ಎಂದು ಕೇಳಲೇಬೇಕು.

ಸಂಜೆ ಗಾರ್ಡನ್ಸ್ ಬೈ ದ ಬೇ ಉದ್ಯಾನ. 7:45ಕ್ಕೂ 8:45ಕ್ಕೂ ಮರದಾಕಾರದ ಸೂಪರ್‌ಟ್ರೀ ಕಂಬಗಳ ಬೆಳಕಿನಾಟ ಉಚಿತ. ಮರಗಳ ಕೆಳಗೇ ಅಂಗಾತ ಮಲಗಿ ನೋಡಿ, ಇಬ್ಬರೂ ಮಾತು ಮರೆಯುತ್ತೀರಿ.