ಅರ್ಧ ನೋಡಿದ್ದು, ಅರ್ಧ ಕೇಳಿದ್ದು

‘ಬಂಗಾರದ ಮನುಷ್ಯ’ವನ್ನು ನಾನು ಮೊದಲ ಸಲ ಪೂರ್ತಿ ನೋಡಲೇ ಇಲ್ಲ. ಅರ್ಧ ನೋಡಿದೆ, ಉಳಿದರ್ಧ ಕೇಳಿದೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಗೆ ಆಗ ಬರುತ್ತಿದ್ದದ್ದು ದೂರದರ್ಶನ ಒಂದೇ, ಅಪ್ಪ ಮಾಡು ಹತ್ತಿ ಆಂಟೆನಾ ತಿರುಗಿಸುತ್ತಿದ್ದರು, ನಾವು ಒಳಗಿನಿಂದ ‘ಬಂತು, ಬಂತು, ಹೋಯ್ತು’ ಅಂತ ಕೂಗುತ್ತಿದ್ದೆವು. ಆವತ್ತು ಚಿತ್ರ ಚೆನ್ನಾಗಿಯೇ ಬಂದಿತ್ತು. ಕರೆಂಟು ಹೋಯಿತು. ಗಾಳಿಮಳೆಗೆ ಹೋದ ಕರೆಂಟು ಬೇಗ ಬರುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಅಜ್ಜಿ ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಡುತ್ತಾ ಮುಂದಿನ ಕತೆ ಹೇಳಿದರು. ಸಿನಿಮಾದ ನಾಯಕ ರಾಜೀವ ಮನೆ ಬಿಟ್ಟು ಹೊರಡುವಲ್ಲಿಗೆ ಬಂದಾಗ ಅವರ ಮಾತು ನಿಂತುಹೋಯಿತು.

1972ರಲ್ಲಿ ಬಂದ ಆ ಚಿತ್ರ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು ಅನ್ನುತ್ತಾರೆ. ದೊಡ್ಡ ವಿಷಯವೇ. ಆದರೆ ಅದು ಆ ಕಾಲದವರ ಲೆಕ್ಕ. ಆಮೇಲಿನ ಐವತ್ತು ವರ್ಷ ಉಳಿಸಿದವರು ಯಾರು? ಜೋರಾಗಿ ಓಡಿದ ಎಷ್ಟೋ ಸಿನಿಮಾಗಳ ಹೆಸರೇ ಈಗ ಯಾರ ಬಾಯಲ್ಲೂ ಇಲ್ಲ, ಅಲ್ವಾ?

ನಮ್ಮ ಮನೆಯಲ್ಲೇ ನೋಡಿ. ಅಜ್ಜಿಗೆ ಅದು ಮನೆಯವರಿಗಾಗಿ ಸವೆದವನ ಕತೆ. ಅಪ್ಪನಿಗೆ ಜಮೀನಿನ ಕತೆ. ಅವರು ಶಿವಮೊಗ್ಗದ ಕೆಲಸ ಬಿಟ್ಟು ತೋಟಕ್ಕೆ ಬಂದವರು. ಬಂಜರು ನೆಲ ಹಸನಾಗುವ ಭಾಗ ಬಂದರೆ ಮಾತಾಡಿಸಿದರೂ ಓಗೊಡುತ್ತಿರಲಿಲ್ಲ. ಹೋದ ವರ್ಷ ಅಕ್ಕನ ಮಗಳು ನೋಡಿದಳು, ಹದಿನಾಲ್ಕು ವರ್ಷ. ‘ಒಂದು ಮಾತು ಬಿಡಿಸಿ ಹೇಳಬಹುದಿತ್ತಲ್ವಾ ಮಾವ, ಸುಮ್ನೆ ಯಾಕೆ ಹೊರಟ?’ ಅಂದಳು. ಅಪ್ಪನಿಗೆ ಸಿಟ್ಟೇ ಬಂತು. ಊಟ ಆರಿಹೋಗುವ ತನಕ ಅಜ್ಜ ಮೊಮ್ಮಗಳ ವಾದ ನಡೆಯಿತು, ಆ ವಾದ ಕೇಳುತ್ತಾ ನನಗೆ ಅನ್ನಿಸಿದ್ದು, ಈ ಚಿತ್ರ ಇನ್ನೂ ಬದುಕಿದೆ ಅಂತ. ಬರೀ ಹೊಗಳಿದರೆ ಸಿನಿಮಾ ಉಳಿಯುವುದಿಲ್ಲ. ನಾಲ್ಕನೇ ತಲೆಮಾರಿಗೂ ಅದರ ಜೊತೆ ಜಗಳ ಆಡಬೇಕು ಅನ್ನಿಸಬೇಕು.

‘ಘಟಶ್ರಾದ್ಧ’ ನಮ್ಮ ಮನೆಗೆ ಬಂದ ದಾರಿಯೇ ಬೇರೆ. ಅದರ ನಿರ್ದೇಶಕ ಗಿರೀಶ್ ಕಾಸರವಳ್ಳಿ ನಮ್ಮ ತಾಲ್ಲೂಕಿನವರು. 1977ರ ಆ ಚಿತ್ರಕ್ಕೆ ದೇಶದ ಅತ್ಯುತ್ತಮ ಚಿತ್ರ ಅಂತ ಸ್ವರ್ಣಕಮಲ ಪ್ರಶಸ್ತಿ ಬಂತು. ಆದರೂ ಅಜ್ಜಿ ಅದನ್ನು ನೋಡಿದ್ದು ತುಂಬಾ ತಡವಾಗಿ, ನನ್ನ ಕಂಪ್ಯೂಟರಿನಲ್ಲಿ. ಅದರಲ್ಲಿನ ಎಳೆಯ ವಿಧವೆ ಯಮುನೆಯ ತಲೆ ಬೋಳಿಸಿದ್ದು ಕಂಡಾಗ ಎದ್ದು ಒಳಗೆ ಹೋದರು. ರಾತ್ರಿ ತಾವಾಗಿಯೇ ಬಂದು ತವರಿನಲ್ಲಿದ್ದ, ಹಾಗೆಯೇ ವಿಧವೆಯಾಗಿದ್ದ ಕೆಂಪು ಸೀರೆಯ ಅತ್ತೆಯ ಬಗ್ಗೆ ಹೇಳಿದರು. ಅಷ್ಟು ವರ್ಷ ಆ ಅತ್ತೆಯ ವಿಷಯ ನಮ್ಮಲ್ಲಿ ಯಾರೂ ಎತ್ತಿರಲಿಲ್ಲ.

2024ರಲ್ಲಿ ಅದೇ ಚಿತ್ರದ ಹೊಸದಾಗಿ ಸರಿಪಡಿಸಿದ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಓದಿ ಕಣ್ಣು ತುಂಬಿತು. ಮನೆಯಲ್ಲಿ ಹೇಳುವವರು ಇದ್ದರೆ ಸಾಲದು, ರೀಲೂ ಉಳಿಯಬೇಕಲ್ಲ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಫೋಟೋಗೇ ಬೂಷ್ಟು ಹಿಡಿಯುತ್ತದೆ.

ರಜೆಗೆ ಬಂದಾಗ ‘ಘಟಶ್ರಾದ್ಧ’ ನೋಡೋಣ ಅಂತ ಅಕ್ಕನ ಮಗಳಿಗೆ ಹೇಳಿದ್ದೇನೆ. ಅಜ್ಜಿ ಈಗ ಇಲ್ಲ. ಕೆಂಪು ಸೀರೆಯ ಅತ್ತೆಯ ಕತೆ ನಾನೇ ಹೇಳಬೇಕು. ಅವರ ಹೆಸರು ಮರೆತುಹೋಗಿತ್ತು, ನಿನ್ನೆ ಅಪ್ಪನನ್ನು ಕೇಳಿ ಬರೆದಿಟ್ಟುಕೊಂಡೆ.